ನಮ್ಮ ಕಿಟಕಿಗೆ ಬಿಸಿಯುಸಿರು ಬಿಡುವ ಪೆಟ್ಟಿಗೆಯವರ ಸನ್ನಿಧಿಗೆ

ಗೆ,
ಮಾನ್ಯ ಏಸಿಯ ಔಟ್‌ಡೋರ್ ಪೆಟ್ಟಿಗೆಯವರು,
ಮೊದಲ ಮಹಡಿಯ ಬಾಲ್ಕನಿ,
ನಮ್ಮ ಮನೆಯ ಏಕೈಕ ಕಿಟಕಿಯಿಂದ ಒಂದು ಮೊಳ ದೂರ.

ವಿಷಯ: ತಾವು ಬಿಡುವ ಉಸಿರನ್ನು ದಯಮಾಡಿ ಬೇರೆ ಯಾವ ಕಡೆಗಾದರೂ ಬಿಡುವ ಬಗ್ಗೆ.
ಉಲ್ಲೇಖ: ಮನೆ ಮಾಲೀಕರಿಗೆ ನಾನು ಸಲ್ಲಿಸಿದ ಆರು ಪುಟಗಳ ಅರ್ಜಿ, ಹಾಗೂ ಅದಕ್ಕೆ ಉತ್ತರವಾಗಿ ಬಂದ ಅರ್ಧ ಕಲ್ಲಂಗಡಿ ಹಣ್ಣು.

ಮಾನ್ಯರೇ,

ತಮ್ಮ ಕ್ಷೇಮ ಸಮಾಚಾರವನ್ನು ನಾನು ಪ್ರತ್ಯೇಕವಾಗಿ ವಿಚಾರಿಸಬೇಕಾಗಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ತಾವು ಗುರ್ರೆಂದು ಶುರು ಮಾಡಿದ ಕೂಡಲೇ ತಮ್ಮ ಆರೋಗ್ಯ ಹೇಗಿದೆಯೆಂಬುದು ಬೀದಿಯ ಕೊನೆಯ ಮನೆಗೂ ತಿಳಿದುಹೋಗುತ್ತದೆ. ನಾವೆಲ್ಲರೂ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಪದ್ಧತಿಗೆ ಮರ್ಯಾದೆ ಕೊಟ್ಟು ಹಾಗೆಯೇ ಬರೆದಿದ್ದೇನೆ, ನಿಜ ಮುಂದೆ ಬರುತ್ತದೆ.

ಮೊದಲು ನನ್ನ ಪರಿಚಯ. ನಾನು ಅರ್ಜಿ ಬರೆಯುವವನು. ದೊಡ್ಡ ಕಚೇರಿಯ ಗೇಟಿನ ಪಕ್ಕದ ಗೋಡೆಯ ನೆರಳಿನಲ್ಲಿ ಒಂದು ಮಡಚುವ ಮೇಜು, ಒಂದು ಸ್ಟೂಲು, ಕಾರ್ಬನ್ ಹಾಳೆ ಹಾಗೂ ಮೂರು ಪೆನ್ನು ಇಟ್ಟುಕೊಂಡು, ನೆರಳು ಸರಿದ ಹಾಗೆ ಮೇಜನ್ನೂ ಸರಿಸುತ್ತಾ ಮೂವತ್ತೊಂದು ವರ್ಷ ಕಳೆದಿದ್ದೇನೆ. ನಿವೃತ್ತಿ ವೇತನ ನಿಂತವರು, ಹೆಸರು ತಪ್ಪಾದವರು, ಜಾಗದ ಗಡಿ ಕಳೆದುಕೊಂಡವರು, ಬದುಕಿದ್ದೂ ಕಡತದಲ್ಲಿ ಸತ್ತವರು, ಎಲ್ಲರ ಅಳಲನ್ನೂ ನಾನು ವಿನಯದ ಬಟ್ಟೆ ತೊಡಿಸಿ ಒಳಗೆ ಕಳಿಸಿದ್ದೇನೆ. ವಿಷಯಕ್ಕೆ ಬರುವ ಮೊದಲು ಮೂರು ಪುಟ ನಮಸ್ಕಾರ ಹಾಕುವುದು ನನ್ನ ಕೈಗುಣವೆಂದು ಸುತ್ತಮುತ್ತ ಪ್ರಸಿದ್ಧಿ. ನನ್ನ ಅರ್ಜಿ ಓದಿದ ಯಾವ ಅಧಿಕಾರಿಯೂ ಇದುವರೆಗೆ ಸಿಟ್ಟಾದದ್ದಿಲ್ಲ. ಇಂಥ ನಾನು ನನ್ನ ಸ್ವಂತಕ್ಕೆಂದು ಬರೆಯುತ್ತಿರುವ ಅರ್ಜಿ ಇದು ಎರಡನೆಯದು. ಮೊದಲನೆಯದರ ಗತಿ ಏನಾಯಿತೆಂಬುದನ್ನು ತಾವು ಬಾಲ್ಕನಿಯಲ್ಲಿ ಕೂತೇ ನೋಡಿದ್ದೀರಿ.

ತಾವು ಬರುವುದಕ್ಕೆ ಮುಂಚೆ ಈ ಮನೆಯಲ್ಲಿ ಬೇಸಿಗೆಯೇ ಇರಲಿಲ್ಲವೆಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ನಮ್ಮದು ತಾರಸಿಯ ಕೆಳಗಿನ ಒಂದು ಕೋಣೆ ಮತ್ತು ಒಂದು ಅಡುಗೆಮನೆ. ಏಪ್ರಿಲ್ ಬಂತೆಂದರೆ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿಯೆಲ್ಲ ಅದನ್ನು ನಮ್ಮ ನೆತ್ತಿಯ ಮೇಲೆ ಸುರಿಯುತ್ತದೆ. ಆದರೂ ಬಡವರ ಮನೆಯಲ್ಲಿ ಉಪಾಯಕ್ಕೆ ಬರಗಾಲವಿಲ್ಲ ನೋಡಿ. ತಾರಸಿಗೆ ಸುಣ್ಣ ಬಳಿದೆವು. ಅದರ ಮೇಲೆ ಗೋಣಿಚೀಲ ಹಾಸಿ ಸಂಜೆ ನೀರು ಚಿಮುಕಿಸಿದೆವು. ಕಿಟಕಿಗೆ ಹಳೆಯ ಬೆಡ್‌ಶೀಟನ್ನು ಒದ್ದೆ ಮಾಡಿ ಇಳಿಬಿಟ್ಟೆವು. ಅಡುಗೆಯನ್ನು ಬೆಳಗಿನ ಜಾವ ಐದಕ್ಕೇ ಮುಗಿಸಿ ಒಲೆಗೆ ಇಡೀ ದಿನ ರಜೆ ಕೊಟ್ಟೆವು. ಟೇಬಲ್ ಫ್ಯಾನಿನ ಮುಂದೆ ಪಾತ್ರೆಯಲ್ಲಿ ಐಸ್ ಇಟ್ಟು ನೋಡಿದೆವು. ಐಸ್ ಕರಗುವವರೆಗೆ ನಾವು ಶ್ರೀಮಂತರು, ಆಮೇಲೆ ಪುನಃ ನಾವೇ. ಚಾಪೆಯನ್ನು ಎತ್ತಿಟ್ಟು ಬರಿ ನೆಲಕ್ಕೆ ನೀರು ಒರೆಸಿ ಮಲಗಿದೆವು. ಒಟ್ಟಿನಲ್ಲಿ ಸೆಕೆಯ ಜೊತೆ ಹೇಗೋ ಹೊಂದಿಕೊಂಡು ಸಂಸಾರ ನಡೆಯುತ್ತಿತ್ತು.

ಮನೆಯಲ್ಲಿ ನಾವು ಮೂವರು. ನಮ್ಮ ಮನೆಯಾಕೆ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಉರಿಯುವ ಓವನ್ನಿನ ಬಾಯಿಗೆ ಬ್ರೆಡ್ಡಿನ ತಟ್ಟೆ ದೂಡುವುದು, ತೆಗೆಯುವುದು. ಅಂಥವಳು ಸಂಜೆ ಮೆಟ್ಟಿಲು ಹತ್ತಿ ಬಂದು, ಬಾಗಿಲು ತೆರೆದು, ಒಂದು ಕಾಲು ಒಳಗೂ ಒಂದು ಕಾಲು ಹೊರಗೂ ಇಟ್ಟುಕೊಂಡು, ಇದಕ್ಕಿಂತ ಬೇಕರಿಯೇ ತಂಪು, ಇನ್ನೊಂದು ಪಾಳಿ ಮಾಡಿಬರಲೇ ಎಂದು ಕೇಳಿದಳು. ಅದು ತಾವು ಬಂದ ಮೊದಲನೆಯ ದಿನ. ತಮ್ಮ ಸಾಮರ್ಥ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ?

ಮೂರನೆಯವರು ನಮ್ಮಮ್ಮ. ವಯಸ್ಸು ಎಪ್ಪತ್ತೆಂಟು. ಕಿಟಕಿಯ ಪಕ್ಕದ ಮಂಚ ಅವರದು. ಮಧ್ಯಾಹ್ನ ನಾನೂ ಮನೆಯಾಕೆಯೂ ಕೆಲಸದಲ್ಲಿರುವಾಗ ತಮ್ಮ ಸಾನ್ನಿಧ್ಯದ ಪೂರ್ಣ ಲಾಭ ಪಡೆಯುವವರು ಅವರೊಬ್ಬರೇ. ಇಷ್ಟು ಹೇಳಿ ಸದ್ಯಕ್ಕೆ ಮುಂದೆ ಹೋಗುತ್ತೇನೆ, ಯಾಕೆಂದರೆ ಅಮ್ಮನ ವಿಷಯಕ್ಕೆ ಬಂದರೆ ನನ್ನ ವಿನಯ ಕೈಕೊಡುತ್ತದೆ.

ತಮ್ಮ ಆಗಮನದ ವೃತ್ತಾಂತ ತಮಗೇ ಗೊತ್ತಿದೆ. ಕೆಳಗಿನ ಮನೆಯಲ್ಲಿರುವ ಮಾಲೀಕರು ಮಾರ್ಚ್ ಕೊನೆಯಲ್ಲಿ ಏಸಿ ತಂದರು. ಅವರ ಅಂಗಳದಲ್ಲಿ ತಮ್ಮನ್ನು ಕೂರಿಸಿದರೆ ಹೂವಿನ ಕುಂಡಗಳು ಬಾಡುತ್ತವೆ, ಸದ್ದಿಗೆ ಅವರ ನಿದ್ದೆ ಕೆಡುತ್ತದೆ ಎಂದು ಪೈಪು ಎಳೆಸಿ, ತಮ್ಮನ್ನು ಮೇಲಕ್ಕೆ ಹತ್ತಿಸಿ, ನಮ್ಮ ಬಾಲ್ಕನಿಯಲ್ಲಿ ಮುಖವನ್ನು ಕಿಟಕಿಯ ಕಡೆಗೇ ಮಾಡಿ ಪ್ರತಿಷ್ಠಾಪಿಸಿದರು. ಅಂದಿನಿಂದ ತಾವು ಅವರ ಮಲಗುವ ಕೋಣೆಯ ಬಿಸಿಯನ್ನೆಲ್ಲ ಹೀರಿ, ಒಂದು ಚೂರೂ ತಮಗೆಂದು ಇಟ್ಟುಕೊಳ್ಳದೆ, ಅಷ್ಟನ್ನೂ ನಮಗೆ ದಾನ ಮಾಡುತ್ತಿದ್ದೀರಿ. ಕಿಟಕಿ ತೆರೆದರೆ ಕುಲುಮೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಒದ್ದೆ ಬೆಡ್‌ಶೀಟು ತಮ್ಮ ಮುಂದೆ ಕಾಲು ಗಂಟೆಗೆ ಇಸ್ತ್ರಿ ಮಾಡಿದ ಹಾಗೆ ಗರಿಗರಿಯಾಗುತ್ತದೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತನ್ನು ತಾವು ತಿರುಗಿಸಿ ಹಾಕಿದ್ದೀರಿ: ಒಂದು ಮನೆಗೆ ಮಾತ್ರ ಉಪಕಾರಿ.

ಆದರೆ ಸತ್ಯ ಹೇಳಬೇಕು, ತಮ್ಮನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ತಮ್ಮ ಒಳಗಿನ ಅರ್ಧಾಂಗಿಯವರು ಕೆಳಗೆ ಬಣ್ಣದ ಗೋಡೆಯ ಮೇಲೆ ಬಿಳಿ ಸೀರೆಯುಟ್ಟ ಹಾಗೆ ತಣ್ಣಗಿದ್ದಾರೆ. ಮಾಲೀಕರು ಅವರಿಗೆ ರಿಮೋಟ್ ತೋರಿಸಿ ಮಾತಾಡಿಸುತ್ತಾರೆ, ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಾರೆ. ತಾವು ಮಾತ್ರ ಬಿಸಿಲಿನಲ್ಲಿ ಬೆನ್ನು ಸುಟ್ಟುಕೊಂಡು ದುಡಿಯುತ್ತೀರಿ. ತಮ್ಮ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಮನೆಯಾಕೆ ಸುಟ್ಟುಕೊಂಡು ಮಾಡಿದ ಬ್ರೆಡ್ಡನ್ನು ಯಾರೋ ತಣ್ಣಗೆ ಕೂತು ತಿನ್ನುತ್ತಾರೆ. ನಾನು ಬಿಸಿಲಲ್ಲಿ ಬರೆದ ಅರ್ಜಿಯನ್ನು ಯಾರೋ ಫ್ಯಾನಿನ ಕೆಳಗೆ ಕೂತು ಪಕ್ಕಕ್ಕಿಡುತ್ತಾರೆ. ಒಂದು ಲೆಕ್ಕದಲ್ಲಿ ತಾವೂ ನಾವೂ ಒಂದೇ ಕಸುಬಿನವರು. ನಮ್ಮನಮ್ಮಲ್ಲೇ ಯಾಕೆ ಈ ಜಗಳ ಎಂದು ಎಷ್ಟೋ ಸಲ ತಮ್ಮ ಜಾಲರಿಯ ಮುಂದೆ ನಿಂತು ಯೋಚಿಸಿದ್ದೇನೆ, ಹೆಚ್ಚು ಹೊತ್ತು ನಿಲ್ಲಲಾಗದೆ ಒಳಗೆ ಬಂದಿದ್ದೇನೆ.

ಇನ್ನು ಆ ಮೊದಲ ಅರ್ಜಿಯ ಕಥೆ. ಮಾಲೀಕರ ಬಳಿ ಹೋಗಿ ಬಾಯಲ್ಲಿ ಹೇಳು ಎಂದು ಅಮ್ಮ ಅಂದಿದ್ದರು. ಹದಿನಾರು ಮೆಟ್ಟಿಲು ಇಳಿದರೆ ಅವರ ಬಾಗಿಲು. ಆದರೆ ಅರ್ಜಿ ಬರೆಯುವವನು ಬಾಯಲ್ಲಿ ಹೇಳಿದರೆ ಅವನ ಕಸುಬಿನ ಮಾನ ಎಲ್ಲಿ ಉಳಿಯಿತು? ಎರಡು ದಿನ ಕೂತು, ಒಳ್ಳೆಯ ಹಾಳೆಯಲ್ಲಿ, ಕಪ್ಪು ಶಾಯಿಯಲ್ಲಿ ಆರು ಪುಟ ಬರೆದೆ. ವಿಷಯದ ಸಾಲಿನಲ್ಲಿ ಏಸಿ ಎಂದು ಬರೆದರೆ ಒರಟಾಗುತ್ತದೆಂದು ‘ತಮ್ಮ ಔದಾರ್ಯದ ಕುರಿತು’ ಎಂದು ಬರೆದೆ. ಮೊದಲ ಪುಟದಲ್ಲಿ ಅವರ ಸೌಜನ್ಯ, ಎರಡನೆಯದರಲ್ಲಿ ಅವರು ನಲ್ಲಿ ರಿಪೇರಿ ಮಾಡಿಸಿಕೊಟ್ಟ ಹಳೆಯ ಉಪಕಾರ, ಮೂರನೆಯದರಲ್ಲಿ ಅವರ ಅಭಿರುಚಿ. ನಾಲ್ಕನೆಯ ಪುಟದ ಮಧ್ಯದಲ್ಲಿ, ‘ತಮ್ಮ ಕೃಪೆಯ ಬೆಚ್ಚನೆಯ ಉಸಿರು ನಮ್ಮ ಕಿಟಕಿಯವರೆಗೂ ತಲುಪುತ್ತಿರುವುದು ನಮ್ಮ ಭಾಗ್ಯವೇ ಆದರೂ ಅಷ್ಟು ದೊಡ್ಡ ಭಾಗ್ಯಕ್ಕೆ ನಾವು ಅರ್ಹರಲ್ಲವೆಂಬ ಸಣ್ಣ ಸಂಕೋಚವನ್ನು ಅರಿಕೆ ಮಾಡಿಕೊಳ್ಳುತ್ತಾ’ ಎಂದು ದೂರನ್ನು ಇಟ್ಟೆ. ಉಳಿದ ಎರಡು ಪುಟ ಕ್ಷಮಾಪಣೆ.

ಮರುದಿನ ಮಾಲೀಕರು ಸ್ವತಃ ಮೆಟ್ಟಿಲು ಹತ್ತಿ ಬಂದರು. ಕಣ್ಣು ಒದ್ದೆಯಾಗಿತ್ತು. ಹೆಂಡತಿ ಮಕ್ಕಳು ಸೇರಿದಂತೆ ಯಾರೂ ಅವರ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ್ದಿಲ್ಲವೆಂದು ನನ್ನ ಕೈ ಹಿಡಿದುಕೊಂಡರು. ಅರ್ಧ ಕಲ್ಲಂಗಡಿ ಕೊಟ್ಟರು. ವಾರ ಕಳೆಯುವುದರೊಳಗೆ ನನ್ನ ಅರ್ಜಿ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿಕೊಂಡು ಅವರ ನಡುಮನೆಯ ಗೋಡೆ ಏರಿತು. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಾರೆ. ನಮ್ಮ ಬಾಡಿಗೆಯವರು ಇಷ್ಟು ಸಂತೋಷವಾಗಿದ್ದಾರಲ್ಲ ಎಂಬ ನೆಮ್ಮದಿಯಲ್ಲಿ ಅಂದಿನಿಂದ ಏಸಿಯನ್ನು ಮಧ್ಯಾಹ್ನದ ಬದಲು ಬೆಳಿಗ್ಗೆ ಎಂಟಕ್ಕೇ ಹಾಕುತ್ತಿದ್ದಾರೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡವರನ್ನು ನಾನು ಕಂಡಿದ್ದೇನೆ. ಗಾಳಿಗೆ ನಮಸ್ಕಾರ ಹಾಕಿ ಮೈ ಸುಟ್ಟುಕೊಂಡವನು ನಾನೊಬ್ಬನೇ ಇರಬೇಕು.

ಮಾಲೀಕರಿಗೆ ಎರಡನೆಯ ಅರ್ಜಿ ಬರೆಯಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೂ ಚೌಕಟ್ಟು ಹಾಕಿಸಿದರೆ ತಾವು ರಾತ್ರಿಯೂ ದುಡಿಯಬೇಕಾಗಬಹುದು. ಆದ್ದರಿಂದ ಮಧ್ಯವರ್ತಿಗಳನ್ನು ಬಿಟ್ಟು ನೇರ ತಮ್ಮ ಸನ್ನಿಧಿಗೇ ಬಂದಿದ್ದೇನೆ.

ಈಗ ಅಮ್ಮನ ವಿಷಯ ಹೇಳಲೇಬೇಕು. ಹೋದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಕಾರ್ಬನ್ ಹಾಳೆ ಮರೆತದ್ದಕ್ಕೆ ನಾನು ಮನೆಗೆ ಬಂದೆ. ಅಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಕೆಂಪಾಗಿತ್ತು, ಮೈ ಕೆಂಡದ ಹಾಗಿತ್ತು, ಒಂದು ಹನಿ ಬೆವರಿರಲಿಲ್ಲ. ನನ್ನನ್ನು ನೋಡಿ, ತೀರಿಹೋದ ನನ್ನ ಅಪ್ಪನೆಂದು ತಿಳಿದು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ, ಮಗು ಇನ್ನೂ ಶಾಲೆಯಿಂದ ಬಂದಿಲ್ಲ ಎಂದರು. ಮೂವತ್ತೊಂದು ವರ್ಷ ಜನರ ಕಷ್ಟಕ್ಕೆ ಶಬ್ದ ಹುಡುಕಿದವನಿಗೆ ಆವತ್ತು ಒಂದು ಶಬ್ದವೂ ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಅವರ ಕೈಕಾಲು ಒರೆಸುತ್ತಾ, ಆಟೋ ಹಿಡಿದು ಆಸ್ಪತ್ರೆಗೆ ಹೋಗುವವರೆಗೂ ಅಮ್ಮಾ ಅಮ್ಮಾ ಎಂದಷ್ಟೇ ಅನ್ನುತ್ತಿದ್ದೆ. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

ದೇವರ ದಯೆ, ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. ಡ್ರಿಪ್ ಹಾಕಿದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಕೋಣೆ ತಂಪು ಮಾಡಿ, ಇಲ್ಲವೇ ಇವರನ್ನು ತಂಪಿರುವ ಕಡೆ ಇಡಿ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿ ಇರುವುದಿಲ್ಲ ಎಂದು ನೇರವಾಗಿ ಹೇಳಿದರು. ತಂಪಿರುವ ಕಡೆ ಎಂದರೆ ನನ್ನ ತಂಗಿಯ ಮನೆ. ದೂರದ ಊರು, ದೊಡ್ಡ ಮನೆ, ಕೋಣೆಗೊಂದು ಏಸಿ. ಕಳಿಸಿಕೊಡು, ಬೇಸಿಗೆ ಏನು, ಇರುವಷ್ಟು ದಿನ ಇಲ್ಲೇ ಇರಲಿ ಎಂದು ತಂಗಿ ಎಷ್ಟೋ ದಿನದಿಂದ ಹೇಳುತ್ತಿದ್ದಾಳೆ. ಅಮ್ಮ ಮಾತ್ರ ಒಪ್ಪುವುದಿಲ್ಲ. ಅವಳ ಮನೆಯಲ್ಲಿ ತಂಪೇನೋ ಇದೆ, ಆದರೆ ಬೆಳಿಗ್ಗೆ ಎಲ್ಲರೂ ಬಾಗಿಲು ಹಾಕಿಕೊಂಡು ಹೋದರೆ ನನ್ನ ಜೊತೆ ಜಗಳ ಆಡುವುದಕ್ಕೆ ಒಂದು ನರಪಿಳ್ಳೆಯೂ ಇಲ್ಲ ಎನ್ನುತ್ತಾರೆ. ಆದರೂ ನಾನು ಬರುವ ಸೋಮವಾರಕ್ಕೆ ರೈಲಿನ ಟಿಕೆಟ್ ತೆಗೆಸಿಟ್ಟಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ಟಿಕೆಟ್ಟು ನನ್ನ ಅಂಗಿಯ ಜೇಬಿನಲ್ಲಿದೆ. ಅದನ್ನು ಮುಟ್ಟಿದಾಗಲೆಲ್ಲ ನನಗೆ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ.

ಹೀಗಿರುವಾಗ ತಮ್ಮಲ್ಲಿ ನನ್ನ ಕೋರಿಕೆಗಳು ಬಹಳ ಸಣ್ಣವು. ಸಾಧ್ಯವಾದರೆ ತಾವು ಉಸಿರನ್ನು ಹೊರಗೆ ಬಿಡುವ ಬದಲು ಒಳಕ್ಕೆ ಎಳೆದುಕೊಳ್ಳುವ ಅಭ್ಯಾಸ ಮಾಡಬೇಕು. ಅದು ಕಷ್ಟವಾದರೆ ಬಿಡುವ ಉಸಿರನ್ನು ಕೂಡಿಟ್ಟು, ಜನವರಿಯಲ್ಲಿ ನಾವು ಚಳಿಗೆ ನಡುಗುವಾಗ ಕಂತಿನಲ್ಲಿ ಕೊಡಬೇಕು. ಅದೂ ಆಗದಿದ್ದರೆ ತಮ್ಮ ಅರ್ಧಾಂಗಿಯವರಿಗೆ ಹೇಳಿ, ವಾರದಲ್ಲಿ ಒಂದು ದಿನವಾದರೂ ಅವರು ಮೇಲೆ, ತಾವು ಕೆಳಗೆ ಎಂದು ಬದಲಾಯಿಸಿಕೊಳ್ಳಬೇಕು. ದಾಂಪತ್ಯದಲ್ಲಿ ಇಷ್ಟು ಹೊಂದಾಣಿಕೆ ಇಲ್ಲದಿದ್ದರೆ ಹೇಗೆ? ಇದ್ಯಾವುದೂ ತಮ್ಮ ಕೈಲಾಗದಿದ್ದರೆ, ಕೊನೆಯದಾಗಿ, ಹೊಟ್ಟೆನೋವೆಂದೋ ತಲೆಸುತ್ತೆಂದೋ ಹೇಳಿ ಜೂನ್ ಮೊದಲ ವಾರದವರೆಗೆ ರಜೆ ಹಾಕಬೇಕೆಂದು ಬೇಡಿಕೊಳ್ಳುತ್ತೇನೆ. ರಜೆಯ ಅರ್ಜಿ ಬರೆದುಕೊಡಲು ನಾನಿದ್ದೇನೆ. ವೈದ್ಯರ ಪ್ರಮಾಣಪತ್ರದ ಮಾದರಿಯೂ ನನ್ನಲ್ಲಿದೆ. ಕಾರಣದ ಜಾಗದಲ್ಲಿ

ಮಾನ್ಯರೇ, ಇಲ್ಲಿ ಸಾಲು ಅರ್ಧಕ್ಕೆ ನಿಂತದ್ದನ್ನು ತಾವು ಮನ್ನಿಸಬೇಕು. ಇಲ್ಲಿಂದ ಮುಂದಿನದನ್ನು ನಾನು ಐದು ದಿನ ತಡವಾಗಿ ಬರೆಯುತ್ತಿದ್ದೇನೆ. ಆ ಭಾನುವಾರ ನಾನು ಅಡುಗೆಮನೆಯ ನೆಲದ ಮೇಲೆ ಕೂತು, ರಜೆಗೆ ಕಾರಣವಾಗಿ ಯಾವ ಕಾಯಿಲೆ ತಮ್ಮ ಘನತೆಗೆ ಒಪ್ಪುತ್ತದೆಂದು ಯೋಚಿಸುತ್ತಿರುವಾಗ, ನಮ್ಮ ಮನೆಯಾಕೆ ಕೋಣೆಯಿಂದ ಕೂಗಿ, ಅಮ್ಮ ಎಲ್ಲಿ ಎಂದಳು. ಮಂಚ ಖಾಲಿ. ಚಪ್ಪಲಿ ಇಲ್ಲ. ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿ ಮಂಚದ ಮೇಲಿತ್ತು, ಅದರ ಪಕ್ಕದಲ್ಲಿ ರೈಲಿನ ಟಿಕೆಟ್ಟು ಬಿಚ್ಚಿ ಹರಡಿತ್ತು. ಒಗೆಯಲು ಹಾಕುವ ಮುಂಚೆ ಜೇಬು ನೋಡುವುದು ಅಮ್ಮನ ಐವತ್ತು ವರ್ಷದ ರೂಢಿ. ಅರ್ಜಿಯ ಭರದಲ್ಲಿ ನನಗೆ ಅದು ನೆನಪಿರಬೇಕಲ್ಲ?

ನಾವಿಬ್ಬರೂ ಮೆಟ್ಟಿಲಿಗೆ ಓಡಿದೆವು. ಹದಿನಾರನೆಯ ಮೆಟ್ಟಿಲಿನಲ್ಲೂ ಅಮ್ಮ ಇರಲಿಲ್ಲ. ಮಾಲೀಕರ ಬಾಗಿಲು ತೆರೆದಿತ್ತು. ನಡುಮನೆಯ ಮಧ್ಯೆ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ಕೈಯಲ್ಲಿ ನೀರಿನ ಲೋಟ, ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು. ಎದುರಿಗೆ ಮಾಲೀಕರು ನಿಂತು, ಗೋಡೆಯ ಮೇಲಿನ ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮನೇ ಓದಲು ಹೇಳಿದ್ದಂತೆ. ಗೋಡೆಯ ಮೇಲಿದ್ದದ್ದು ಮೊದಲನೆಯ ಪುಟ ಮಾತ್ರ. ಮಿಕ್ಕ ಐದು ಪುಟ ಎಲ್ಲಿ ಎಂದು ಅಮ್ಮ ಕೇಳಿದರು. ಅಷ್ಟಕ್ಕೂ ಚೌಕಟ್ಟು ಹಾಕಿಸಲು ಗೋಡೆಯಲ್ಲಿ ಜಾಗ ಸಾಲದೆಂದು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ಮೊದಲ ಪುಟ ಓದಿಯೇ ಮನಸ್ಸು ತುಂಬಿಹೋಗಿ ಮುಂದೆ ಓದಲಾಗಲಿಲ್ಲ ಎಂದು ಮಾಲೀಕರು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು. ನನ್ನ ದೂರು ನಾಲ್ಕನೆಯ ಪುಟದಲ್ಲಿತ್ತು. ಬಾಗಿಲಲ್ಲಿ ನಿಂತ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಮ್ಮ ಲೋಟವನ್ನು ಕೆಳಗಿಟ್ಟರು. ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ. “ನೋಡಪ್ಪಾ, ನಿನ್ನ ಮಿಷನ್ನು ನನ್ನ ಹಾಸಿಗೆ ಮೇಲೆ ಬಿಸಿ ಗಾಳಿ ಬಿಡ್ತಿದೆ. ಮೊನ್ನೆ ನಾನು ಸಾಯೋದರಲ್ಲಿದ್ದೆ. ಅದನ್ನ ಆ ಕಡೆ ತಿರುಗಿಸು.”

ನಮಸ್ಕಾರವಿಲ್ಲ, ಅರಿಕೆಯಿಲ್ಲ, ಸನ್ನಿಧಿಯಿಲ್ಲ. ಮಾಲೀಕರ ಮುಖ ಬಿಳಿಚಿಕೊಂಡಿತು. ನಾನು ಕ್ಷಮೆ ಕೇಳುವುದಕ್ಕೆಂದು ಮುಂದೆ ಹೋದೆ. ಆದರೆ ಅವರು ನನ್ನನ್ನು ದಾಟಿಕೊಂಡು ಹೋಗಿ ಮೊದಲು ಏಸಿಯನ್ನು ಆರಿಸಿದರು, ಆಮೇಲೆ ಬಂದು ಅಮ್ಮನ ಮುಂದೆ ನೆಲದ ಮೇಲೇ ಕೂತರು.

“ಅಯ್ಯೋ ಅಮ್ಮ, ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ? ನೀವೆಲ್ಲ ಖುಷಿಯಾಗಿದ್ದೀರಿ ಅಂದುಕೊಂಡಿದ್ದೆನಲ್ಲ ನಾನು” ಎಂದರು. ಅವರ ದನಿಯಲ್ಲಿ ನಾಟಕವಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು!

ಮೆಟ್ಟಿಲು ಹತ್ತುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಮನೆಯಾಕೆ ಅಮ್ಮನ ತೋಳು ಹಿಡಿದಿದ್ದೆವು. ಪ್ರತಿ ನಾಲ್ಕು ಮೆಟ್ಟಿಲಿಗೆ ನಿಂತು ಸುಧಾರಿಸಿಕೊಂಡರು. ನೀನು ಬರೆದದ್ದನ್ನು ಕೇಳುತ್ತಾ ಕೂತರೆ ನನಗೇ ಅವನ ಮೇಲೆ ಪ್ರೀತಿ ಬಂದುಬಿಡ್ತು ಕಣೋ ಎಂದು ಒಂದು ನಿಲುಗಡೆಯಲ್ಲಿ ನಕ್ಕರು. ಮುಂದಿನ ನಿಲುಗಡೆಯಲ್ಲಿ ನಗಲಿಲ್ಲ. “ಸಾಯೋಕೆ ನಂಗೇನೂ ಹೆದರಿಕೆ ಇಲ್ಲ. ನನ್ನ ಕೇಳದೆ ಟಿಕೆಟ್ ತೆಗೆಸಿದೆಯಲ್ಲ, ಅದಕ್ಕೇ ಎದೆ ಒಡೆದುಹೋಯ್ತು” ಎಂದರು. ನಮ್ಮ ಮನೆಯಾಕೆ ಸೆರಗಿನಿಂದ ಅಮ್ಮನ ಮುಖ ಒರೆಸಿ, ಆಮೇಲೆ ಅದೇ ಸೆರಗಿನಿಂದ ತನ್ನ ಮುಖವನ್ನೂ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದ. ಪೈಪು ಸಾಕಷ್ಟು ಉದ್ದ ಇದೆ, ಮೊದಲೇ ಹೇಳಿದ್ದರೆ ಹಾಗೇ ಕೂರಿಸುತ್ತಿದ್ದೆ ಎಂದ. ಎಲ್ಲರೂ ಅದನ್ನೇ ಹೇಳುತ್ತಾರೆ! ತಮ್ಮನ್ನು ಬಿಚ್ಚಿ, ಬಾಲ್ಕನಿಯ ಆ ತುದಿಗೆ ಒಯ್ದು, ಮುಖವನ್ನು ರಸ್ತೆಯ ಕಡೆ ತಿರುಗಿಸಿ ಪುನಃ ಬಿಗಿಯಲು ಅವನಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ಅರ್ಜಿಯ ಮೊದಲ ಪುಟಕ್ಕೆ ತೆಗೆದುಕೊಂಡದ್ದು ಅದಕ್ಕಿಂತ ಜಾಸ್ತಿ. ಟಿಕೆಟ್ಟನ್ನು ರದ್ದು ಮಾಡಿಸಿದೆ. ಈಗ ಕಿಟಕಿಗೆ ಒದ್ದೆ ಬೆಡ್‌ಶೀಟು ಹಾಕಿದರೆ ಅದರೊಳಗಿಂದ ಬರುವ ಗಾಳಿ ತಣ್ಣಗಿರುತ್ತದೆ. ಸೆಕೆ ಇಲ್ಲವೆಂದಲ್ಲ, ಎಲ್ಲರಿಗೂ ಇರುವ ಸೆಕೆ ಅದು, ಅದರ ಜೊತೆ ನಮಗೆ ಹಳೆಯ ಪರಿಚಯ. ಸೋಮವಾರ ಅಮ್ಮ ಊಟವಾದ ಮೇಲೆ ಮೂರು ಗಂಟೆ ನಿದ್ದೆ ಮಾಡಿದರು. ಸಂಜೆ ಸೊಸೆ ಬೇಕರಿಯಿಂದ ಬಂದ ಕೂಡಲೇ, ಬ್ರೆಡ್ಡು ಗಟ್ಟಿಯಾಗಿದೆ ಎಂದು ಅವಳ ಜೊತೆ ಜಗಳ ತೆಗೆದರು. ಆ ಜಗಳ ಕೇಳಲು ಎಷ್ಟು ಹಿತವಾಗಿತ್ತೆಂದರೆ, ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಎಲ್ಲ ಸರಿಹೋದ ಮೇಲೂ ಈ ಪತ್ರವನ್ನು ಯಾಕೆ ಮುಗಿಸುತ್ತಿದ್ದೀರಿ ಎಂದು ತಾವು ಕೇಳಬಹುದು. ಅರ್ಧ ಬರೆದ ಅರ್ಜಿಯನ್ನು ಬಿಟ್ಟು ಗೊತ್ತಿಲ್ಲ, ಅದು ಒಂದು. ಇನ್ನೊಂದು, ನನಗೆ ಐದು ದಿನದಿಂದ ನೆಮ್ಮದಿಯಿಲ್ಲ. ನನ್ನ ಮೇಜಿನ ಮುಂದೆ ಕೂತು ಹೋದವರ ಮುಖಗಳು ಒಂದೊಂದಾಗಿ ನೆನಪಾಗುತ್ತಿವೆ. ಏನೂ ಉತ್ತರ ಬರಲಿಲ್ಲ ಎಂದು ಅವರು ತಿರುಗಿ ಬಂದಾಗಲೆಲ್ಲ, ಇನ್ನೂ ಸ್ವಲ್ಪ ವಿನಯ ಬೇಕೇನೋ ಎಂದು ನಮಸ್ಕಾರವನ್ನು ನಾಲ್ಕು ಪುಟ ಮಾಡಿದೆ. ಯಾವ ಅಧಿಕಾರಿಯೂ ನನ್ನ ಅರ್ಜಿ ಓದಿ ಸಿಟ್ಟಾಗಿಲ್ಲವೆಂದು ಮೇಲೆ ಹೆಮ್ಮೆಯಿಂದ ಬರೆದಿದ್ದೆನಲ್ಲ, ಅವರು ನಾಲ್ಕನೆಯ ಪುಟಕ್ಕೆ ಬಂದಿರಲೇ ಇಲ್ಲವೇನೋ. ಎಷ್ಟು ಜನರ ಉಸಿರು ನನ್ನ ಮೂರು ಪುಟಗಳ ಹಿಂದೆ ಕಟ್ಟಿಹೋಯಿತೋ ಲೆಕ್ಕ ಇಟ್ಟವರಿಲ್ಲ.

ಅದಕ್ಕೇ ಮೊನ್ನೆ ಬುಧವಾರ, ನಿವೃತ್ತ ಬಸ್ ಕಂಡಕ್ಟರೊಬ್ಬರು ಅವರ ಬೀದಿಗೆ ನೀರಿಲ್ಲವೆಂದು ಅರ್ಜಿ ಬರೆಸಲು ಬಂದಾಗ, ನಾನು ಕಣ್ಣು ಮುಚ್ಚಿ ಒಂದೇ ಸಾಲು ಬರೆದೆ: ಹನ್ನೊಂದು ದಿನದಿಂದ ನಮ್ಮ ಬೀದಿಗೆ ನೀರು ಬಂದಿಲ್ಲ, ಇವತ್ತು ಬಿಡಿ. ಕಂಡಕ್ಟರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಷ್ಟೇನಾ ಎಂದು ಅನುಮಾನದಿಂದ ಒಳಗೆ ತೆಗೆದುಕೊಂಡು ಹೋದರು. ಕಾಲು ಗಂಟೆಯಲ್ಲಿ ಹೊರಗೆ ಬಂದರು. ಮೂವತ್ತೊಂದು ವರ್ಷದಲ್ಲಿ ನನ್ನ ಅರ್ಜಿಯೊಂದನ್ನು ಕೊನೆಯವರೆಗೂ ಓದಿದ್ದಾರೆಂಬುದಕ್ಕೆ ಮೊದಲ ಪುರಾವೆ ಅವರ ಕೈಯಲ್ಲಿತ್ತು. ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಭಾಷೆಯಲ್ಲಿ ಮರ್ಯಾದೆ ಇಲ್ಲ, ಸರಿಯಾದ ಕ್ರಮದಲ್ಲಿ ಬರೆಸಿ ತನ್ನಿ.

ಮಾನ್ಯರೇ, ತಾವು ಯಂತ್ರ. ಮುಖ ತಿರುಗಿಸಿದ ಕಡೆಗೆ ತಿರುಗಿದಿರಿ, ಒಂದು ಮಾತು ಆಡಲಿಲ್ಲ. ಮನುಷ್ಯರಲ್ಲಿ ಎಲ್ಲರೂ ತಮ್ಮಷ್ಟು ಸುಲಭವಲ್ಲವೆಂದು ತಿಳಿದ ಮೇಲೆ ತಮ್ಮ ಮೇಲಿನ ನನ್ನ ಗೌರವ ನಿಜವಾಗಿಯೂ ಹೆಚ್ಚಿದೆ. ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ರಸ್ತೆಯ ಕಡೆ ಮುಖ ಮಾಡಿ ಹಾಯಾಗಿ ಉಸಿರಾಡಿ.

ಇಷ್ಟು ದಿನ ತಮ್ಮ ಉಸಿರಿಗೆ ಬೆಂದು, ಈಗ ತಮ್ಮ ಬೆನ್ನಿನ ಕಡೆ ಸುಖವಾಗಿರುವ,

ತಮ್ಮ ವಿಶ್ವಾಸಿ,
ಅರ್ಜಿ ಬರೆಯುವವನು.

ಪ್ರತಿಗಳು: ಸೂರ್ಯನಿಗೆ, ಮಾಹಿತಿಗಾಗಿ. ನಮ್ಮ ಟೇಬಲ್ ಫ್ಯಾನಿಗೆ, ಮುಂದಿನ ಅಗತ್ಯ ಕ್ರಮಕ್ಕಾಗಿ.

ತಾ.ಕ.: ಕೆಂಪು ಶಾಯಿಯ ಆ ಸಾಹೇಬರ ಕೋಣೆಗೂ ಒಂದು ಏಸಿ ಇದೆ. ಅದರ ಹೊರಗಿನ ಪೆಟ್ಟಿಗೆ ಜನ ಸಾಲು ನಿಲ್ಲುವ ಕಡೆಗೇ ಊದುತ್ತದೆ. ತಮಗೇನಾದರೂ ಬಂಧುತ್ವ ಇದ್ದರೆ ಇವತ್ತೇ ಎಚ್ಚರಿಸಿಬಿಡಿ. ಕಂಡಕ್ಟರರ ಹಾಳೆಯ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು: ಕಚೇರಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ಕೂರಲು ಕುರ್ಚಿ ಇದೆಯೇ. ನಾಳೆ ಬಿಸಿಲೇರುವ ಮುಂಚೆ ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಪೆನ್ನನ್ನು ಮನೆಯಲ್ಲೇ ಬಿಟ್ಟು ಬಾ ಎಂದು ಅಪ್ಪಣೆಯಾಗಿದೆ.